ಗಂಟೆಗೋಪುರದ ಗೂಬೆಮರಿಗಳು

ಕನ್ನಡಕ ರಿಪೇರಿ ಅಂಗಡಿಯಾಕೆಗೆ ಮನೆಯವರು ಇಟ್ಟ ಅಡ್ಡಹೆಸರು ಯಾಕಮ್ಮ. ಬಾಯಿ ತೆರೆದರೆ 'ಯಾಕೆ' ಎನ್ನುವ ಚಾಳಿ ಐವತ್ತು ದಾಟಿದರೂ ಬಿಟ್ಟಿರಲಿಲ್ಲ. ಮದುವೆಯಾಗದ ಆಕೆ ತಮ್ಮನ ಮನೆಯ ಮಹಡಿ ಕೋಣೆಯಲ್ಲಿದ್ದಳು. ಅಲ್ಲಿ ಕಾಲಿಡಲು ಜಾಗ ಹುಡುಕಬೇಕಿತ್ತು. ಮಂಚದ ಕೆಳಗೆ ಪಾಚಿ ಬೆಳೆಸಿದ ಬಾಟಲಿಗಳು, ಕಿಟಕಿಯಲ್ಲಿ ತಾನೇ ಜೋಡಿಸಿದ ದೂರದರ್ಶಕ, ಗೋಡೆಯ ಮೇಲೆ ಗ್ರೀಕ್ ಅಕ್ಷರಮಾಲೆ. ಯಾವುದರಲ್ಲೂ ಪಂಡಿತೆಯಲ್ಲ. ಗ್ರೀಕ್ ಬೈಬಲನ್ನು ಗಟ್ಟಿಯಾಗಿ ಓದುತ್ತಿದ್ದಳು, ಅರ್ಥವಾಗುತ್ತಿದ್ದದ್ದು ಅಷ್ಟಕ್ಕಷ್ಟೆ.

ಊರಿನ ಚರ್ಚಿನಲ್ಲಿ ಭಾನುವಾರದ ಪೂಜೆಯನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಒಮ್ಮೆ ಪಾಪನಿವೇದನೆಗೆ ಹೋದವಳು, "ಫಾದರ್, ನೀವು ಪ್ರಸಂಗ ಮಾಡ್ತಿದ್ದಾಗ ಮೇಣದಬತ್ತಿ ಉರಿ ಯಾಕೆ ಮೇಲಕ್ಕೇ ಹೋಗುತ್ತೆ ಅಂತ ಯೋಚಿಸ್ತಾ ಕೂತಿದ್ದೆ" ಎಂದಳು.

ಜಾಲರಿಯ ಆಚೆ ಫಾದರ್ ಮುಂದಕ್ಕೆ ಬಾಗಿದರು. "ಯಾಕೆ ಹೋಗುತ್ತೆ?" ಎಂದರು. ಆಕೆ ವಿವರಿಸುತ್ತ ಹೋದಳು. ಹೊರಗೆ ಸಾಲಿನಲ್ಲಿ ನಿಂತವರು ಆಕೆಯ ಪಾಪ ಎಷ್ಟು ಉದ್ದವಿರಬಹುದೆಂದು ಮುಖ ಮುಖ ನೋಡಿಕೊಂಡರು.

ತಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ಆ ಚರ್ಚಿನಲ್ಲಿ ದಿನದ ಗಂಟೆ ಧ್ವನಿವರ್ಧಕದಲ್ಲಿ ಬರುತ್ತಿತ್ತು. ಗೋಪುರದ ದೊಡ್ಡ ಗಂಟೆಯನ್ನು ಮದುವೆ ಮತ್ತು ದೊಡ್ಡ ಹಬ್ಬಗಳಿಗಷ್ಟೇ ಬಾರಿಸುತ್ತಿದ್ದರು. ಅದರ ದೂಳು ಹೊಡೆಯಲು ಹತ್ತಿದ ಕಾವಲುಗಾರ ಎದೆ ಹಿಡಿದುಕೊಂಡು ಇಳಿದ. ಗಂಟೆಯ ಪಕ್ಕದಲ್ಲೇ ಗೂಬೆ ಮರಿ ಮಾಡಿದೆ, ಎತ್ತಿ ಬಿಸಾಕಬೇಕು ಎಂದ.

ಯಾಕಮ್ಮ ಓಡಿಹೋಗಿ ನೋಡಿದಳು. ಹತ್ತಿಯುಂಡೆಯಂಥ ಮೂರು ಮರಿಗಳು. "ಮದುವೆ ಹೊತ್ತಿಗೆ ಹಾರಿಹೋಗ್ತವೆ ಫಾದರ್, ಪುಸ್ತಕದಲ್ಲಿ ಓದಿದ್ದೀನಿ" ಎಂದು ಭರವಸೆ ಕೊಟ್ಟಳು. ಫಾದರ್ ಸರಿ ಎಂದರು.

ಮದುವೆ ಹತ್ತಿರ ಬಂತು. ಮರಿಗಳು ಜಪ್ಪಯ್ಯ ಎನ್ನಲಿಲ್ಲ. ಆಕೆ ಅವುಗಳ ವಯಸ್ಸನ್ನೇ ತಪ್ಪು ಅಂದಾಜು ಮಾಡಿದ್ದಳು. ಊಟಕ್ಕೆ ಕೂತಾಗ ವಿಷಯ ತಿಳಿಸಿ, ಪಕ್ಕದಲ್ಲೇ ಗಂಟೆ ಮೊಳಗಿದರೆ ಮರಿಗಳು ಬೆದರಿ ಕೆಳಗೆ ಬೀಳುತ್ತವೆ ಎಂದಳು.

ತಮ್ಮ ತಟ್ಟೆ ಪಕ್ಕಕ್ಕೆ ತಳ್ಳಿದ. "ಮಗಳ ಮದುವೆಗೆ ಗಂಟೆ ಇಲ್ಲ, ತಲೆ ಮೇಲೆ ಗೂಬೆ! ನಾಳೆ ಹೆಚ್ಚುಕಮ್ಮಿ ಆದ್ರೆ ಏನಕ್ಕ ಮಾಡೋದು?"

"ಅವುಗಳ ಮೇಲೆ ಯಾಕೋ ಗೂಬೆ ಕೂರಿಸ್ತೀಯ? ತಪ್ಪು ನಂದು, ಒಪ್ಕೋತೀನಿ. ಆದ್ರೆ ಈಗ ಎತ್ತಿದ್ರೆ ಸಾಯ್ತವೆ."

ಮದುಮಗಳು ಕಿಸಕ್ಕನೆ ನಕ್ಕಳು. "ಅತ್ತೆ, ಮೆಲ್ಲಗೆ ಬಾರಿಸೋಕೆ ಆಗಲ್ವಾ?"

ಯಾಕಮ್ಮ ಹಳೆಯ ಕಂಬಳಿಯ ತುಂಡನ್ನು ಗಂಟೆಯ ನಾಲಿಗೆಗೆ ಸುತ್ತಿ ಬಿಗಿಯಾಗಿ ಕಟ್ಟಿ ಬಂದಳು.

ಮದುವೆಯ ದಿನ ವಧೂವರರು ಉಂಗುರ ತೊಡಿಸಿಕೊಂಡರು, ಕಾವಲುಗಾರ ಹಗ್ಗ ಎಳೆದ. ದಪ್, ದಪ್, ದಪ್. ಯಾರೋ ಹಾಸಿಗೆ ಬಡಿದಂತೆ. ಇಡೀ ಚರ್ಚು ತಲೆಯೆತ್ತಿ ನೋಡಿತು. ಮದುಮಗಳ ನಗು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು, ಫಾದರ್ ತುಟಿ ಕಚ್ಚಿ ಹಿಡಿದರು. ತಮ್ಮ ಮಾತ್ರ ತನ್ನ ಬೂಟು ನೋಡುತ್ತ ಕೂತ. ತನ್ನ ಮದುವೆಗೆ ಮೊಳಗಿದ್ದ ಆ ಗಂಟೆಯನ್ನು ಮಗಳ ಮದುವೆಯಲ್ಲಿ ಕೇಳಬೇಕೆಂದು ಆತ ಎಷ್ಟೋ ವರ್ಷದಿಂದ ಕಾದಿದ್ದ.

ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟ. ಏನಿದ್ದರೂ ಹೆಂಡತಿಯ ಮೂಲಕವೇ. "ಊಟಕ್ಕೆ ಬರೋಕೆ ಹೇಳು ಅವಳಿಗೆ." ಯಾಕಮ್ಮನಿಗೆ ಪಾಚಿಯ ಬಾಟಲಿಗಳಿಗೆ ನೀರು ಹಾಕುವುದೂ ಮರೆತುಹೋಯಿತು. ಮರಿಗಳು ಬದುಕಿದ್ದಕ್ಕೆ ಸಂತೋಷವಿತ್ತು, ತಮ್ಮನ ಮುಖ ನೋಡಿದಾಗ ಆ ಸಂತೋಷವೂ ಅರ್ಧಕ್ಕೆ ಇಳಿಯುತ್ತಿತ್ತು.

ಒಂದು ಸಂಜೆ ಆಕೆ ಗೋಪುರಕ್ಕೆ ಹೊರಟಾಗ ತಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. "ಹಾರಿದ್ವಾ?"

"ಎರಡು ಹಾರಿದ್ವು. ಕೊನೇದು ಹೆದರ್ತಿದೆ ಕಣೋ."

ಆತ ಉಸ್ಸಪ್ಪಾ ಎನ್ನುತ್ತ ಆಕೆಯ ಹಿಂದೆಯೇ ಗೋಪುರ ಹತ್ತಿದ. ಮರಿ ಕಿಟಕಿಯ ಅಂಚಿನಲ್ಲಿ ಕೂತು ಮುಂದೆ ವಾಲುತ್ತಿತ್ತು, ಹಿಂದೆ ಸರಿಯುತ್ತಿತ್ತು. ಕೊನೆಗೆ ದಿಢೀರನೆ ಧುಮುಕಿತು. ತಮ್ಮ ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡ. "ಬಿತ್ತಾ?"

"ಇಲ್ಲ, ನೋಡು. ಎದುರು ಛಾವಣಿ ಮೇಲೆ."

ಇಬ್ಬರೂ ಅದು ರೆಕ್ಕೆ ಸರಿಪಡಿಸಿಕೊಳ್ಳುವುದನ್ನು ನೋಡುತ್ತ ನಿಂತರು. ಆಮೇಲೆ ತಮ್ಮ ಗಂಟೆಯ ಕೆಳಗೆ ಬಗ್ಗಿ ಕಂಬಳಿಯ ಕಟ್ಟು ಬಿಚ್ಚತೊಡಗಿದ. ಯಾಕಮ್ಮ ಯಾಕೆಂದು ಕೇಳಲಿಲ್ಲ. ಆತ ಹಗ್ಗಕ್ಕೆ ಕೈಹಾಕಿ ಮೈಭಾರವೆಲ್ಲ ಬಿಟ್ಟು ಎಳೆದ. ಗಂಟೆ ಮೊಳಗಿತು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು, ಫಾದರ್ ಬರಿಗಾಲಲ್ಲೇ ಅಂಗಳಕ್ಕೆ ಓಡಿಬಂದರು.

"ಏನಾಯ್ತು?" ಎಂದು ಕೆಳಗಿನಿಂದ ಕೂಗಿದರು.

"ಮಗಳ ಮದುವೆ ಫಾದರ್!" ತಮ್ಮ ಮತ್ತೆ ಹಗ್ಗ ಎಳೆದ. "ಸ್ವಲ್ಪ ತಡವಾಯ್ತು."