ಒಂದು ಸ್ಟಾರಿನ ಕಾವಲಿ

ನಾನು ಬೀಡು ಕಬ್ಬಿಣದ ದೋಸೆ ಕಾವಲಿ. ತೂಕ ಎರಡೂವರೆ ಕೆ.ಜಿ. ಜಂಭವೂ ಅಷ್ಟೇ ಇದೆ ಎನ್ನುವವರಿದ್ದಾರೆ, ಸುಳ್ಳೇನಲ್ಲ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ಹುಟ್ಟಿದೆ. ಅಂಚಿನಲ್ಲಿ ಎಳ್ಳುಕಾಳಿನಷ್ಟು ಒಂದು ಕುಳಿ ಉಳಿಯಿತು. ಅದು ನನ್ನ ಹುಟ್ಟುಮಚ್ಚೆ.

ಆನ್‌ಲೈನಿನಲ್ಲಿ ನನ್ನನ್ನು ಮೊದಲು ತರಿಸಿಕೊಂಡವನು ಮೈಸೂರಿನ ಚಿರಂತ್. ಸೋಪು ಹಾಕಿ ತಿಕ್ಕಿದ, ಎರಡು ದಿನ ಸಿಂಕಿನ ನೀರಿನಲ್ಲಿ ನೆನೆಹಾಕಿದ. ಕಬ್ಬಿಣ ಇನ್ನೇನು ಮಾಡೀತು? ತುಕ್ಕು ಹಿಡಿದೆ. ಅವನು ನನ್ನ ಫೋಟೋ ತೆಗೆದು, 'ತುಕ್ಕು ಹಿಡಿಯಿತು, ಎತ್ತಲಾಗದಷ್ಟು ಭಾರ, ದೋಸೆ ಏಳುವುದಿಲ್ಲ' ಎಂದು ಬರೆದು, ಒಂದು ಸ್ಟಾರ್ ಕೊಟ್ಟು ವಾಪಸ್ ಕಳಿಸಿದ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದ್ದು ಅವನು, ಉಂಡದ್ದು ನಾನು. ಮಾರುವವರು ತುಕ್ಕು ಉಜ್ಜಿ, ಎಣ್ಣೆ ಸವರಿ, ಮತ್ತೆ ಪೆಟ್ಟಿಗೆಗೆ ಹಾಕಿದರು.

ತಿಪಟೂರಿನ ಶಶಿರೇಖಾ ಒಂದು ಮಹಿಳಾ ಹಾಸ್ಟೆಲ್ಲಿಗೆ ಬೆಳಗಿನ ದೋಸೆ ಕಳಿಸುತ್ತಿದ್ದಳು. ಐದು ಸ್ಟಾರುಗಳನ್ನು ನೋಡಿ ಅವಳು ಕೊಂಡ 'ಬೀಡಿನ ಕಾವಲಿ' ಬರೀ ಬಣ್ಣ ಬಳಿದ ತಗಡು. ಕಪ್ಪು ಚಕ್ಕೆ ಎದ್ದು ದೋಸೆಗೆ ಅಂಟಿತು. ಈ ವಾರ ಇಡ್ಲಿ ಕಳಿಸಿ, ಮುಂದಿನ ಸೋಮವಾರವೂ ದೋಸೆ ಹೀಗಾದರೆ ಬೇರೆಯವರಿಗೆ ಹೇಳುತ್ತೇವೆ ಎಂದರು ವಾರ್ಡನ್.

ಮುಂದಿನದು ನಾನು ಆಮೇಲೆ ಅತ್ತೆ-ಸೊಸೆಯ ಮಾತಿನಿಂದ ತಿಳಿದದ್ದು. ಶಶಿರೇಖಾ ಫೋನಿನಲ್ಲಿ ನನ್ನ ಹೊಗಳಿಕೆಗಳನ್ನು ಓದುತ್ತಿದ್ದಳು: ಸೂಪರ್, ಸೂಪರ್, ತುಂಬಾ ಸೂಪರ್. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಪುಟ್ಟಲಿಂಗಮ್ಮ ತಡೆದರು.

"ಇದ್ರಲ್ಲಿ ದೋಸೆ ಹುಯ್ದೋರು ಒಬ್ರಾದ್ರೂ ಅವ್ರಾ? ಬೈದಿರೋದ್ನ ಓದು."

ಅವಳು ಚಿರಂತ್ ಬರೆದದ್ದನ್ನು ಓದಿ, ಫೋಟೋ ತೋರಿಸಿದಳು.

"ಭಾರ ಅಂತಾನೆ, ತುಕ್ಕು ಅಂತಾನೆ. ತಗಡಿಗೆ ಬಣ್ಣ ಬಳಿದ್ರೆ ಈ ಭಾರ ಎಲ್ಲಿಂದ ಬರ್ಬೇಕು? ಇದು ಅಸಲಿ ಬೀಡು ಕಣವ್ವ. ಬಿರುಕು ಬಿಡ್ತು ಅಂತ ಯಾರಾದ್ರೂ ಬರ್ದವ್ರಾ?"

"ಇಲ್ಲ ಅತ್ತೆ."

"ಹಂಗಾದ್ರೆ ತರ್ಸು."

ಗುರುವಾರ ಪೆಟ್ಟಿಗೆ ತೆರೆದಾಗ ನನ್ನ ಮೇಲೊಂದು ಚೀಟಿ ಇತ್ತು: 'ಐದು ಸ್ಟಾರ್ ಕೊಡಿ, ಮಗುಚೋ ಕೈ ಉಚಿತವಾಗಿ ಪಡೆಯಿರಿ.' ಆ ಸೂಪರ್‌ಗಳು ಎಲ್ಲಿಂದ ಬಂದವೆಂದು ನನಗೂ ಆಗಲೇ ಗೊತ್ತಾದದ್ದು. ನಾಚಿಕೆಯಾಯಿತು. ಅಷ್ಟರಲ್ಲಿ ಶಶಿರೇಖಾ ನನ್ನ ಅಂಚಿನ ಕುಳಿಯನ್ನು ಕಂಡು ಚಿರಂತ್ ಹಾಕಿದ ಫೋಟೋಗೆ ಹೋಲಿಸಿ ನೋಡಿದಳು.

"ಅತ್ತೆ, ಇದು ಆ ತುಕ್ಕಿನದೇ. ವಾಪಸ್ ಕಳಿಸ್ತೀನಿ."

"ಭಾನುವಾರದ ಗಂಟ ನನಗೆ ಬಿಡು."

ಪುಟ್ಟಲಿಂಗಮ್ಮ ನನ್ನನ್ನು ಪಳಗಿಸತೊಡಗಿದರು. ಎಣ್ಣೆ ಸವರುವುದು, ಸಣ್ಣ ಉರಿಯಲ್ಲಿ ಕಾಯಿಸುವುದು, ಅರ್ಧ ಈರುಳ್ಳಿಯಿಂದ ಉಜ್ಜುವುದು, ಆರಿದ ಮೇಲೆ ಮತ್ತೆ ಎಣ್ಣೆ. ಭಾನುವಾರ ಹುಯ್ದ ಮೊದಲ ದೋಸೆ ಹರಿಯಿತು. ಎರಡನೆಯದೂ ಹರಿಯಿತು. ನಾಲ್ಕನೆಯದು ಹರಿದಾಗ ಶಶಿರೇಖಾ ಒಲೆಯ ಮುಂದಿನಿಂದ ಎದ್ದು ಹೋದಳು. ಚಿರಂತ್ ಬರೆದದ್ದೇ ನಿಜವೇನೋ ಎಂದು ನನಗೇ ಭಯವಾಯಿತು. ಐದನೆಯದರ ಅಂಚು ತಾನಾಗಿ ಮೇಲೆದ್ದಿತು. "ಬಾ ಇಲ್ಲಿ" ಎಂದು ಪುಟ್ಟಲಿಂಗಮ್ಮ ಸೊಸೆಯನ್ನು ಕರೆದರು.

ಸೋಮವಾರ ಎಂಬತ್ತು ದೋಸೆ ಹೋದವು, ಡಬ್ಬಿ ಖಾಲಿಯಾಗಿ ಬಂತು. ನಾಳೆಯಿಂದ ಹತ್ತು ಜಾಸ್ತಿ ಬೇಕೆಂದು ವಾರ್ಡನ್ ಹೇಳಿ ಕಳಿಸಿದರು. ನಾನು ಹಿಗ್ಗಿಹೋದೆ.

ಅಂದೇ ಪುಟ್ಟಲಿಂಗಮ್ಮ ಹೇಳಿ ಬರೆಸಿದರು: ಭಾರ ನಿಜ. ಮೊದಲ ನಾಲ್ಕು ದೋಸೆ ಹರಿದವು. ಸೋಪು ಹಾಕಬೇಡಿ, ಒದ್ದೆ ಬಿಡಬೇಡಿ. ಮೂರು ದಿನ ಪಳಗಿಸಿದರೆ ಅನ್ನ ಹಾಕುತ್ತೆ.

"ಹರಿದಿದ್ದೂ ಬರೀಲಾ ಅತ್ತೆ?"

"ಅದ್ನ ಬರೆದ್ರೇ ಮಿಕ್ಕಿದ್ನ ನಂಬ್ತಾರೆ. ನಾಲ್ಕು ಸ್ಟಾರು ಕೊಡು."

"ಒಂದು ಯಾಕೆ ಕಮ್ಮಿ?"

"ಆ ಚೀಟಿ ಇಟ್ಟಿದ್ದಕ್ಕೆ."

ಇದೆಲ್ಲ ನಡೆದು ಒಂಬತ್ತು ವರ್ಷವಾಯಿತು. ಹಾಸ್ಟೆಲ್ಲಿಗೆ ಈಗ ದೊಡ್ಡ ಕಾವಲಿ ಬಂದಿದೆ. ನಾನು ಗೋಡೆಯ ಮೊಳೆಗೆ ನೇತಾಡುತ್ತಾ, ಮನೆಯವರ ದೋಸೆಗಷ್ಟೇ ಇಳಿಯುತ್ತೇನೆ. ಚಿರಂತನ ಮೇಲೆ ಸಿಟ್ಟಿಲ್ಲ. ಅವನು ಕಂಡದ್ದನ್ನೇ ಬರೆದಿದ್ದ, ಅದರಿಂದಲೇ ನನಗೆ ಈ ಮನೆ ಸಿಕ್ಕಿತು. ಅವನದೊಂದು, ಪುಟ್ಟಲಿಂಗಮ್ಮನವು ನಾಲ್ಕು. ಕೂಡಿಸಿದರೆ ನನಗೂ ಐದು ಸ್ಟಾರು, ಮಗುಚೋ ಕೈಯ ಆಸೆಗೆ ಬಂದದ್ದು ಅದರಲ್ಲಿ ಒಂದೂ ಇಲ್ಲ.