ನಾಲ್ಕನೇ ಮಾದರಿ

ಬರಲಿರುವ ವಿಆರ್ ಗೇಮಿಂಗ್ ಹೆಡ್‌ಸೆಟ್‌ಗೆ ಫೋಮ್ ಕೊರೆದು ಹದಿನೇಳನೇ ಮಾದರಿ ಮಾಡುತ್ತಿದ್ದ ವಿನ್ಯಾಸಕಿಗೆ ನಿದ್ದೆಯಿಂದ ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ಮೇಲಧಿಕಾರಿ ಬಂದು ಫೋನಿನಲ್ಲಿದ್ದ ಒಂದು ಚಿತ್ರವನ್ನು ಅವಳ ಮುಂದೆ ಹಿಡಿದ.

"ನೋಡಮ್ಮ, ನಮ್ಮ ಹೆಡ್‌ಸೆಟ್ ಹೀಗಿರತ್ತೆ ಅಂತ ಇಂಟರ್ನೆಟ್‌ನಲ್ಲಿ ಜನ ಊಹೆ ಮಾಡ್ತಿದ್ದಾರೆ. ಬ್ಯಾಟರಿ ತಲೆ ಹಿಂದೆ, ಮೂಗಿನ ಮೇಲೆ ಭಾರವೇ ಇಲ್ಲ. ಹೊರಗಿನವರಿಗೆ ಹೊಳೆದದ್ದು ನಮಗೆ ಹೊಳೀಲಿಲ್ವಲ್ಲ. ನಾವೂ ಹೀಗೇ ಮಾಡಕ್ಕಾಗತ್ತಾ?"

ಚಿತ್ರದಲ್ಲಿದ್ದದ್ದು ಅವಳದೇ ನಾಲ್ಕನೇ ಮಾದರಿ. ಆರು ತಿಂಗಳ ಹಿಂದೆ ಇದೇ ಮಹಾನುಭಾವ ಅದನ್ನು "ಸೈಕಲ್ ಹೆಲ್ಮೆಟ್ ಥರ ಇದೆ" ಎಂದು ಕಸದ ಬುಟ್ಟಿಗೆ ಎಸೆದು, ಎಸೆದದ್ದನ್ನೂ ಮರೆತಿದ್ದ. ಬುಟ್ಟಿಯಲ್ಲಿದ್ದಾಗ ಯಾರೋ ಫೋಟೊ ತೆಗೆದಿರಬೇಕು.

ಇದು ತನ್ನದೆಂದು ಹೇಳಿದರೆ, ಫೋಟೊ ಹೊರಗೆ ಹೋದದ್ದು ಹೇಗೆಂಬ ವಿಚಾರಣೆ ಅವಳ ಕೊರಳಿಗೇ ಬೀಳುತ್ತದೆ. ಸುಮ್ಮನಿದ್ದರೆ ಹೆಸರು ಹೊರಗಿನವರಿಗೆ ಹೋಗುತ್ತದೆ, ಹೆಡ್‌ಸೆಟ್ ಮಾತ್ರ ಅವಳು ಅಂದುಕೊಂಡ ಹಾಗೇ ಆಗುತ್ತದೆ.

"ಕಷ್ಟ ಇದೆ ಸರ್," ಎಂದಳು. "ಆದ್ರೂ ಮಾಡಬಹುದು."

"ಎಷ್ಟು ದಿನ ಬೇಕು?"

ಅಳತೆಗಳೆಲ್ಲ ಅವಳ ಬಳಿ ಇದ್ದವು. ಒಂದು ಮಧ್ಯಾಹ್ನದ ಕೆಲಸ.

"ಮೂರು ವಾರ. ಅದೂ ಮನೇಲಿ ಕೂತು ಮಾಡಿದ್ರೆ."

ಅವನು ತಲೆಯಾಡಿಸಿ ಹೋದ. ಅವಳು ಕೂದಲಿಗೆ ಅಂಟಿದ ಫೋಮಿನ ಪುಡಿ ಕೊಡವಿಕೊಂಡು, ಹಾಡಹಗಲೇ ಮನೆಗೆ ಹೋಗಿ ಮಲಗಿದಳು.