ಇದಕ್ಕಿಂತ ಹಳೇದು ಇದೆಯಾ?

ಹೆಣ್ಣು ನೋಡಲು ಹೋದ ದಿನ ಕೇಸರಿಭಾತಿನ ತಟ್ಟೆ ಹಿಡಿದು ಕೂತಿದ್ದ ವೆಂಕಟಾಚಲನನ್ನು ಭಾವೀ ಮಾವ, "ಹವ್ಯಾಸ ಏನಾದ್ರೂ ಇಟ್ಕೊಂಡಿದೀರಾ?" ಎಂದು ಕೇಳಿದ್ದರು. ಬೇರೇನೂ ಹೊಳೆಯದೆ, "ಬೆಟ್ಟ ಹತ್ತೋದು" ಎಂದುಬಿಟ್ಟ. ಅದುವರೆಗೆ ಅವನು ಏರಿದ್ದ ಅತಿ ಎತ್ತರದ ಜಾಗ ಎಂದರೆ ಊರೊಳಗಿನ ಪಾರ್ಕಿನ ಬ್ಯೂಗಲ್ ರಾಕ್ ಬಂಡೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಬಾಗಿಲ ಮರೆಯಲ್ಲಿದ್ದ ಕೋಕಿಲಾಳ ಕಣ್ಣು ಅರಳಿದ್ದು ಕಂಡು, "ಕುಮಾರಪರ್ವತ ಎರಡು ಸಲ ಆಗಿದೆ" ಎಂದೂ ಸೇರಿಸಿದ.

ಅದಾಗಿ ಇಪ್ಪತ್ತಾರು ವರ್ಷ. ಈಗ ಅವನು ಚಾಮರಾಜಪೇಟೆಯ ಒಂದು ಕಚೇರಿಯಲ್ಲಿ ಹೆಡ್ ಕ್ಲರ್ಕು. ಮದುವೆಯಾದ ಮೇಲೆ ಯಾಕೆ ಹತ್ತಲಿಲ್ಲ ಎಂದು ಯಾರಾದರೂ ಕೇಳಿದರೆ ಕೋಕಿಲಾಳೇ ಉತ್ತರ ಕೊಡುತ್ತಿದ್ದಳು: "ನನಗೋಸ್ಕರ ಬಿಟ್ಬಿಟ್ರು ಪಾಪ." ಆ ತ್ಯಾಗದ ಕತೆ ಗವಿಪುರದ ಅವರ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

2002ರ ಆಷಾಢದಲ್ಲಿ ಅಟ್ಟ ಗುಡಿಸಿ ಇಳಿದ ಕೋಕಿಲಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಕೇಳಿದಳು. "ರೀ, ನಿಮ್ಮ ಬೆಟ್ಟದ ಸಾಮಾನೆಲ್ಲಾ ಎಲ್ಲಿ? ಒಂದು ಶೂನೂ ಕಾಣ್ಲಿಲ್ಲ."

"ಶೇಷಾದ್ರಿಪುರದಲ್ಲಿ... ಒಬ್ಬ ಸ್ನೇಹಿತನ ಮನೇಲಿದೆ."

"ಅವರಿಗ್ಯಾಕೆ ತೊಂದರೆ? ತಂದ್ಬಿಡಿ. ಅಟ್ಟ ಖಾಲಿ ಮಾಡಿದೀನಿ."

ಎರಡು ದಿನ ವೆಂಕಟಾಚಲನಿಗೆ ಅನ್ನ ಇಳಿಯಲಿಲ್ಲ. ಹೊಸದು ಕೊಂಡರೆ ಸಿಕ್ಕಿಬೀಳುವುದು ಖಚಿತ. ಮೂರನೆಯ ದಿನ ಕಚೇರಿಯಿಂದ ಬರುವಾಗ ಒಂದು ಅಂಗಡಿಯ ಮುಂದೆ ಬಟ್ಟೆಯ ಬ್ಯಾನರ್ ಕಂಡಿತು: 'ಆಷಾಢ ಕ್ಲಿಯರೆನ್ಸ್ ಸೇಲ್. ಬಳಸಿದ ಟೆಂಟು, ಶೂ, ಬ್ಯಾಗು. ಅಂಗಡಿ ಖಾಲಿ ಮಾಡುತ್ತಿದ್ದೇವೆ.' ದೇವರು ಕಣ್ಣು ಬಿಟ್ಟ ಎಂದುಕೊಂಡು ಒಳಹೊಕ್ಕ.

ಅಂಗಡಿಯ ಮುನಿರಾಜು ಕಾಲೇಜು ಹುಡುಗರಿಗೆ ಇವನ್ನೆಲ್ಲ ಬಾಡಿಗೆಗೆ ಕೊಡುತ್ತಿದ್ದವನು. ಈಗ ಅದೇ ಜಾಗದಲ್ಲಿ ಮೊಬೈಲ್ ಫೋನು ಮಾರಲು ಹೊರಟಿದ್ದ. ಒಳಗೆ ಬೆವರು, ಸೀಮೆಎಣ್ಣೆ ಮತ್ತು ಒದ್ದೆ ಕ್ಯಾನ್‌ವಾಸಿನ ವಾಸನೆ. ಅವನು ಇದ್ದುದರಲ್ಲಿ ಒಳ್ಳೆಯ ಶೂ ಜೊತೆಯನ್ನು ಒರೆಸಿ ಮುಂದಿಟ್ಟ.

ವೆಂಕಟಾಚಲ ತಿರುಗಿಸಿ ನೋಡಿ ಬದಿಗೆ ಸರಿಸಿದ. "ಇದಕ್ಕಿಂತ ಹಳೇದು ಇದೆಯಾ?"

"ಹಳೇದಾ ಸಾರ್?"

"ಚೆನ್ನಾಗಿ ಸವೆದಿರ್ಬೇಕು. ಬ್ಯಾಗೂ ಅಷ್ಟೇ, ಒಂದೆರಡು ಕಡೆ ಹೊಲಿಗೆ ಹಾಕಿರೋದಿದ್ರೆ ಕೊಡಿ."

ಹದಿನೈದು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿಯನ್ನು ಮುನಿರಾಜು ಕಂಡಿರಲಿಲ್ಲ. ಗೋಡೌನಿನ ತಳದಿಂದ, ಗುಜರಿಗೆ ಹಾಕಲೆಂದು ಕಟ್ಟಿಟ್ಟಿದ್ದ ಮೂಟೆಯನ್ನೇ ತಂದು ಸುರಿದ. ವೆಂಕಟಾಚಲ ಮಂಡಿಯೂರಿ, ಸೀರೆ ಅಂಗಡಿಯಲ್ಲಿ ಹೆಂಗಸರು ಸೆರಗು ನೋಡುವ ಹಾಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸತೊಡಗಿದ.

ಪಕ್ಕದಲ್ಲಿ ಮೂವರು ಗೆಳೆಯರೊಡನೆ ಬಂದಿದ್ದ ಸುಪ್ರಜಾ ಎಂಬ ಕಾಲೇಜು ಹುಡುಗಿ ಇದನ್ನೇ ನೋಡುತ್ತಿದ್ದಳು. "ಅಂಕಲ್, ಅಷ್ಟು ಚೆನ್ನಾಗಿರೋದು ಬಿಟ್ಟು ಸವೆದಿರೋದನ್ನೇ ಯಾಕೆ ತಗೊಳ್ತಿದೀರ?"

ಏನಾದರೂ ಹೇಳಲೇಬೇಕಿತ್ತು. "ಹೊಸ ಶೂನ ನಾವು ಪಳಗಿಸ್ಬೇಕಮ್ಮ. ಹಳೇದಕ್ಕೆ ದಾರಿ ಗೊತ್ತಿರತ್ತೆ."

ಹುಡುಗರು ಮುಖಮುಖ ನೋಡಿಕೊಂಡರು. "ಮಗಾ, ಇವರು ಎಕ್ಸ್‌ಪರ್ಟು ಕಣೋ," ಎಂದು ಒಬ್ಬ ಪಿಸುಗುಟ್ಟಿದ. ಕೈಯಲ್ಲಿದ್ದ ಒಳ್ಳೆಯ ಶೂಗಳನ್ನೆಲ್ಲ ಅಲ್ಲೇ ಬಿಟ್ಟು ಎಲ್ಲರೂ ಮೂಟೆಗೆ ಕೈಹಾಕಿದರು. ವೆಂಕಟಾಚಲನೇ ಅವರಿಗೆಲ್ಲ ಆರಿಸಿಕೊಡಬೇಕಾಯಿತು. ಗುಜರಿ ಮಾಲೆಲ್ಲ ಕಣ್ಣೆದುರೇ ಖಾಲಿಯಾದದ್ದು ಕಂಡು ಮುನಿರಾಜು ಅವನಿಗೊಂದು ಸ್ಪೆಷಲ್ ಟೀ ತರಿಸಿದ.

"ಅಂಕಲ್, ಭಾನುವಾರ ಸಾವನದುರ್ಗಕ್ಕೆ ಹೊರಟಿದೀವಿ. ನೀವೂ ಬನ್ನಿ, ಪ್ಲೀಸ್," ಎಂದಳು ಸುಪ್ರಜಾ. ಮನೆಯಲ್ಲಿ ಕೇಳಿ ಹೇಳ್ತೀನಿ ಎಂದು ಫೋನ್ ನಂಬರ್ ಕೊಟ್ಟು ತಪ್ಪಿಸಿಕೊಂಡ.

ಬುದ್ಧಿವಂತಿಕೆ ಎಂದುಕೊಂಡಿದ್ದೇ ಮುಳುವಾಯಿತು. ಮರುದಿನ ಫೋನ್ ಎತ್ತಿದವಳು ಕೋಕಿಲಾ. "ಬರ್ತಾರಮ್ಮ, ಯಾಕೆ ಬರಲ್ಲ! ಬೆಟ್ಟ ಕಾಣದೆ ಸೊರಗಿ ಹೋಗಿದಾರೆ," ಎಂದವಳೇ ಪುಳಿಯೋಗರೆಗೆ ಹುಣಸೇಹಣ್ಣು ನೆನೆಹಾಕಿದಳು.

ಭಾನುವಾರ ಬೆಳಿಗ್ಗೆ ವೆಂಕಟಾಚಲ ಬಂಡೆಯ ಬುಡದಲ್ಲಿ ನಿಂತು ತಲೆಯೆತ್ತಿದ. ಅದು ಬೆಟ್ಟವಲ್ಲ, ಆಕಾಶಕ್ಕೆ ಒರಗಿಸಿಟ್ಟ ಒಂದೇ ಕಲ್ಲು. "ನೀವು ಮುಂದೆ ಹೋಗಿ ಅಂಕಲ್," ಎಂದಳು ಸುಪ್ರಜಾ.

ಕಾಲುಭಾಗ ಹತ್ತುವಷ್ಟರಲ್ಲಿ ಬಲಗಾಲಿನ ಶೂ ಬಾಯಿ ಬಿಟ್ಟಿತು. ಹತ್ತು ಹೆಜ್ಜೆಗೆ ಎಡಗಾಲಿನದು. ಅಟ್ಟೆಯ ಅಂಟು ಯಾವ ಕಾಲದಲ್ಲೋ ಸತ್ತುಹೋಗಿತ್ತು. ಹಿಂದಿನಿಂದಲೂ "ಅಯ್ಯೋ ನಂದೂ ಕಿತ್ಕೊಂಡ್ಬಂತು" ಎಂಬ ಕೂಗುಗಳು ಕೇಳಿಸಿದವು. ಐದು ಮಂದಿಯ ಹತ್ತು ಅಟ್ಟೆಗಳಲ್ಲಿ ಏಳು ಹೋಗಿದ್ದವು. ಎಲ್ಲರೂ ಅವನ ಮುಖ ನೋಡಿದರು.

ವಾಪಸ್ಸು ಇಳಿಯೋಣವೆಂದು ಕೆಳಗೆ ನೋಡಿದ. ಕಣ್ಣು ಕತ್ತಲಿಟ್ಟಿತು. ಇಳಿಯುವುದಕ್ಕಿಂತ ಹತ್ತುವುದೇ ವಾಸಿ ಅನ್ನಿಸಿತು. ಅಲ್ಲೇ ಕೂತು ಶೂ ಬಿಚ್ಚಿದ, ಕಾಲುಚೀಲ ಬಿಚ್ಚಿದ. ಬರಿಗಾಲಿಗೆ ಕಲ್ಲು ಒರಟಾಗಿ, ತಣ್ಣಗೆ ತಾಗಿತು, ಅಚ್ಚರಿಯೆಂದರೆ ಜಾರಲಿಲ್ಲ. ಹುಡುಗರೂ ಒಬ್ಬೊಬ್ಬರಾಗಿ ಶೂ ಬಿಚ್ಚಿ ಹೆಗಲಿಗೆ ನೇತುಹಾಕಿಕೊಂಡರು. "ಇದೇ ಒರಿಜಿನಲ್ ಸ್ಟೈಲು, ಗುರು," ಎಂದ ಒಬ್ಬ.

ಕೆಲವು ಕಡೆ ನಾಲ್ಕು ಕಾಲಲ್ಲಿ, ಒಂದು ಕಡೆ ಹೊಟ್ಟೆಯ ಮೇಲೆ ತೆವಳಿ, ಎರಡೂವರೆ ಗಂಟೆಯ ಮೇಲೆ ವೆಂಕಟಾಚಲ ತುದಿಯ ನಂದಿ ಮಂಟಪ ಮುಟ್ಟಿದ. ಗಾಳಿ ಅಂಗಿಯೊಳಗೆ ನುಗ್ಗಿ ಉಬ್ಬಿಸಿತು. ದೂರದಲ್ಲಿ ಮಂಚನಬೆಲೆಯ ನೀರು ಹೊಳೆಯುತ್ತಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ, ತನ್ನ ಈ ಎರಡು ಕಾಲಿನಿಂದ! ಯಾರನ್ನಾದರೂ ಹಿಡಿದು ಅಲುಗಿಸಿ ಹೇಳಬೇಕೆನಿಸಿತು. ಹುಡುಗರು ಪುಳಿಯೋಗರೆ ಬಿಚ್ಚುವುದರಲ್ಲಿದ್ದರು. ಅವನು ಮಂಟಪದ ಕಂಬಕ್ಕೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಸಂಜೆ ಕೋಕಿಲಾ ಬಕೆಟ್ಟಿನಲ್ಲಿ ಬಿಸಿನೀರು ತಂದಿಟ್ಟು, ಒಂದು ಹಿಡಿ ಉಪ್ಪು ಹಾಕಿ, ಡಬ್ಬಿಯನ್ನು ಪಕ್ಕದಲ್ಲೇ ಬಿಟ್ಟಳು. ಬೊಕ್ಕೆಯೆದ್ದ ಪಾದಗಳನ್ನು ಅದರಲ್ಲಿ ಇಳಿಬಿಟ್ಟ ವೆಂಕಟಾಚಲನಿಗೆ ಇನ್ನು ತಡೆಯಲಾಗಲಿಲ್ಲ.

"ಕೋಕಿಲಾ, ಒಂದು ಮಾತು. ನಾನು ಬೆಟ್ಟ ಅಂತ ಹತ್ತಿದ್ದು ಇವತ್ತೇ ಮೊದಲು. ಕುಮಾರಪರ್ವತ ಎಲ್ಲಾ ಸುಳ್ಳು. ನಿಮ್ಮಪ್ಪ ಕೇಳಿದ್ರು, ಹೇಳ್ಬಿಟ್ಟೆ."

ಕೋಕಿಲಾ ಅವನನ್ನು ದಿಟ್ಟಿಸಿ ನೋಡಿದಳು. ಅವಳ ಕಣ್ಣು ತುಂಬಿತು. "ಅಷ್ಟು ದೊಡ್ಡದನ್ನ ಬಿಡಿಸ್ಬಿಟ್ಟೆನಲ್ಲಾ ಅಂತ ನನಗೆ ಬೇಜಾರಾಗಬಾರದು ಅಂತ ಹೀಗೆ ಹೇಳ್ತಿದೀರ ಅಲ್ವಾ?"

"ಅಲ್ವೇ, ನಿಜವಾಗ್ಲೂ..."

"ಸುಮ್ನಿರಿ ಸಾಕು."

ಅವಳು ಹಜಾರಕ್ಕೆ ಹೋಗಿ ಪಕ್ಕದ ಬೀದಿಯ ಶೈಲಜಮ್ಮನಿಗೆ ಫೋನ್ ಮಾಡಿದಳು. "ಶೂ ಹಾಕ್ಕೊಂಡು ಹತ್ತೋದು ಕಲಿಯೋರಿಗೆ ಅಂತೆ ಕಣ್ರೀ. ಇವರು ಕಿತ್ತು ಹೆಗಲಿಗೆ ಹಾಕ್ಕೊಂಡು ಬರಿಗಾಲಲ್ಲೇ ಹೋದ್ರಂತೆ. ಆ ಹುಡುಗೀನೇ ಫೋನ್ ಮಾಡಿ ಹೇಳಿದ್ಳು. ಇವರನ್ನ ಕೇಳಿದ್ರೆ ಏನೂ ಇಲ್ಲ ಅಂತಾರೆ!"

ವೆಂಕಟಾಚಲ ಕೂಗಿ ಹೇಳಲು ಬಾಯಿ ತೆರೆದ. ಮತ್ತೆ ಬಾಯಿ ಮುಚ್ಚಿ, ಬಕೆಟ್ಟಿಗೆ ಇನ್ನೊಂದು ಹಿಡಿ ಉಪ್ಪು ಹಾಕಿಕೊಂಡ.